32 ಪಾಡ್‌ಗಳಿಗೆ 253 ವಿಳಾಸ ಸಾಲದೇ ಹೋದದ್ದು: ಮಂಡ್ಯದ ಒಂದು ಕ್ಲಸ್ಟರ್‌ನ ಪ್ರಕರಣ ಅಧ್ಯಯನ

ಮಂಡ್ಯ ಜಿಲ್ಲೆಯ ಖಾಸಗಿ ಹಾಲು ಸಂಗ್ರಹಣಾ ಸಂಸ್ಥೆಯೊಂದರ ಲೆಕ್ಕದ ವ್ಯವಸ್ಥೆಯನ್ನು ಮೈಸೂರಿನಲ್ಲಿರುವ ನಮ್ಮ ಸಣ್ಣ ತಂಡ ನೋಡಿಕೊಳ್ಳುತ್ತದೆ. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಊರೂರಿನ ಕೇಂದ್ರಗಳಲ್ಲಿ ರೈತರು ಹಾಕಿದ ಹಾಲಿನ ಲೀಟರು, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಅಂಕಿಗಳು ಮಂಡ್ಯದಲ್ಲಿರುವ ಸರ್ವರ್ ಕೋಣೆಗೆ ಬಂದು ಸೇರುತ್ತವೆ. ಅವುಗಳನ್ನು ರೂಟ್‌ವಾರು ಕೂಡಿಸಿ, ದರಪಟ್ಟಿಗೆ ಹೊಂದಿಸಿ, ಒಬ್ಬೊಬ್ಬ ರೈತರ ಖಾತೆಗೆ ಏರಿಸುವ ಕೆಲಸವನ್ನು ಕುಬರ್ನೆಟೀಸ್ ಕ್ಲಸ್ಟರ್, ಅಂದರೆ ಕಂಟೈನರ್‌ಗಳೆಂಬ ಪ್ರತ್ಯೇಕ ಪೊಟ್ಟಣಗಳಲ್ಲಿಟ್ಟ ಪ್ರೋಗ್ರಾಂಗಳನ್ನು ಹಲವು ಯಂತ್ರಗಳ ಮೇಲೆ ಹಂಚಿ ನಡೆಸುವ ವ್ಯವಸ್ಥೆ, ಮಾಡುತ್ತದೆ. ಒಟ್ಟಿಗೆ ಓಡುವ ಒಂದೋ ಕೆಲವೋ ಕಂಟೈನರ್‌ಗಳ ಗುಂಪಿಗೆ ಅಲ್ಲಿ ಪಾಡ್ ಎಂದು ಹೆಸರು. ಒಟ್ಟು 24 ಹಾಲಿನ ರೂಟ್‌ಗಳು. ರೂಟ್‌ಗೆ ಒಂದರಂತೆ ಹೊತ್ತಿಗೆ 24 ಜಾಬ್‌ಗಳು ಓಡಿ, ಕೆಲಸ ಮುಗಿದ ಕೂಡಲೇ ನಿಂತುಬಿಡುತ್ತವೆ.

ಕ್ಲಸ್ಟರ್ ದೊಡ್ಡದಲ್ಲ. ಇಡೀ ಕ್ಲಸ್ಟರನ್ನು ನಿರ್ದೇಶಿಸುವ ಕಂಟ್ರೋಲ್ ಪ್ಲೇನ್‌ಗೆ ಒಂದು ಯಂತ್ರ, ಪಾಡ್‌ಗಳು ಓಡುವುದಕ್ಕೆ ನಾಲ್ಕು ಯಂತ್ರಗಳು, ಅಂದರೆ ನೋಡ್‌ಗಳು. ಪಾಡ್‌ಗಳ ಜಾಲಕ್ಕೆ ಫ್ಲಾನೆಲ್, ಕಂಟೈನರ್‌ಗಳನ್ನು ನಡೆಸುವುದಕ್ಕೆ ಕಂಟೈನರ್‌ಡಿ ಎಂಬ ತಂತ್ರಾಂಶಗಳಿವೆ. ಎಲ್ಲವೂ ಸ್ವಂತ ಯಂತ್ರಗಳ ಮೇಲೆಯೇ ನಡೆಯುತ್ತವೆ. ಕ್ಲೌಡ್ ಸೇವೆಯ ಬಳಕೆ ಇಲ್ಲ.

ಮೇ ತಿಂಗಳ ಕೊನೆಯ ವಾರದ ಒಂದು ರಾತ್ರಿ ಕೇಂದ್ರವೊಂದರ ಗುಮಾಸ್ತರು ಕರೆ ಮಾಡಿ, "ಸಾರ್, ಸಂಜೆ ಹಾಲಿನ ಲೆಕ್ಕ ಇನ್ನೂ ಏರಿಲ್ಲ. ಬೆಳಿಗ್ಗೆ ಜನ ಬಂದು ಕೇಳ್ತಾರೆ, ಏನು ಹೇಳ್ಲಿ?" ಎಂದರು. ನೋಡಿದಾಗ 24 ಜಾಬ್‌ಗಳಲ್ಲಿ 21 ಸರಿಯಾಗಿ ಸಾಗಿದ್ದವು. ಉಳಿದ ಮೂರು ಪಾಡ್‌ಗಳು ಮೂರನೇ ನೋಡ್‌ನಲ್ಲಿ 'ಕಂಟೈನರ್ ಕ್ರಿಯೇಟಿಂಗ್' ಸ್ಥಿತಿಯಲ್ಲಿ ನಿಂತಿದ್ದವು. ಕಾರಣ ಹುಡುಕಲು ತೊಡಗುವ ಹೊತ್ತಿಗೆ ಆ ಮೂರೂ ತಾವಾಗಿಯೇ ಹೊರಟು ಕೆಲಸ ಮುಗಿಸಿದವು. ಯಂತ್ರಕ್ಕೆ ಹೊರೆ ಹೆಚ್ಚಾಗಿರಬೇಕು ಎಂದುಕೊಂಡು ಆ ರಾತ್ರಿ ನಾವು ಸುಮ್ಮನಾದೆವು. ಮಾರನೆಯ ಸಂಜೆಯೂ ಮೂರನೇ ನೋಡ್‌ನಲ್ಲಿಯೇ ಹಾಗೆಯೇ ಆಯಿತು. ಈ ಸಲ ಪಾಡ್‌ನ ಘಟನಾವಳಿಯನ್ನು ತೆರೆದು ಓದಿದೆವು. ಸ್ಯಾಂಡ್‌ಬಾಕ್ಸ್ (ಪಾಡ್‌ನ ಕಂಟೈನರ್‌ಗಳು ಓಡುವ ಪ್ರತ್ಯೇಕ ಆವರಣ) ಕಟ್ಟಲಾಗಲಿಲ್ಲ, 10.244.3.1 ರಿಂದ 10.244.3.254 ರವರೆಗಿನ ವ್ಯಾಪ್ತಿಯಲ್ಲಿ ಐಪಿ ವಿಳಾಸ ಯಾವುದೂ ಉಳಿದಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಆ ಹೊತ್ತಿನಲ್ಲಿ ಮೂರನೇ ನೋಡ್‌ನಲ್ಲಿ ಸ್ವಂತ ವಿಳಾಸ ಹೊಂದಿ ಓಡುತ್ತಿದ್ದ ಪಾಡ್‌ಗಳು 38 ಮಾತ್ರ.

ವಿಳಾಸ ಇಳಿದು ಬರುವ ದಾರಿ

ಪ್ರತಿಯೊಂದು ಪಾಡ್‌ಗೂ ತನ್ನದೇ ಆದ ಐಪಿ ವಿಳಾಸ ಇರಬೇಕು, ಯಾವ ನೋಡ್‌ನಲ್ಲಿರುವ ಪಾಡ್ ಆದರೂ ಇನ್ನೊಂದು ಪಾಡ್‌ನೊಂದಿಗೆ ವಿಳಾಸ ಬದಲಾವಣೆಯಿಲ್ಲದೆ ನೇರವಾಗಿ ಮಾತಾಡಬೇಕು ಎಂಬುದು ಕುಬರ್ನೆಟೀಸ್ ಜಾಲದ ಮೂಲ ನಿಯಮ. ಆದರೆ ಆ ವಿಳಾಸವನ್ನು ಪಾಡ್‌ನ ಕೈಗೆ ಕೊಡುವವರು ಯಾರು ಎಂಬ ಪ್ರಶ್ನೆಗೆ ನಮ್ಮ ತಂಡದಲ್ಲಿಯೇ ಮೂರು ಬಗೆಯ ಉತ್ತರಗಳಿದ್ದವು. ಪ್ರಕರಣ ಇತ್ಯರ್ಥವಾಗಲು ಅನಗತ್ಯವಾಗಿ ಒಂದು ರಾತ್ರಿ ಹಿಡಿದದ್ದಕ್ಕೆ ಈ ಗೊಂದಲವೇ ಕಾರಣ ಎಂದು ನನ್ನ ಅಭಿಪ್ರಾಯ.

ನಾಲೆ ಬಯಲಿನವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಗೆ, ಅಲ್ಲಿಂದ ಉಪನಾಲೆಗೆ, ಉಪನಾಲೆಯಿಂದ ತೂಬಿಗೆ, ತೂಬಿನಿಂದ ಗದ್ದೆಗೆ ಇಳಿಯುತ್ತದೆ. ಉಪನಾಲೆಗೆ ಎಷ್ಟು ಬಿಟ್ಟೆವು ಎಂಬ ಲೆಕ್ಕ ಕಟ್ಟೆಯ ಮೇಲಿರುವವರಲ್ಲಿ ಇರುತ್ತದೆ; ಯಾರ ಗದ್ದೆಗೆ ಯಾವ ಹೊತ್ತು ನೀರು ಹೋಯಿತು, ಯಾರದು ನಿಂತಿತು ಎಂಬುದು ಮಾತ್ರ ಆ ಊರಿನ ನೀರುಗಂಟಿಗೆ ಗೊತ್ತು. ಫ್ಲಾನೆಲ್ ಬಳಸುವ ಕ್ಲಸ್ಟರ್‌ನಲ್ಲಿ ವಿಳಾಸಗಳ ಹಂಚಿಕೆಯೂ ಹೀಗೆಯೇ ಹಂತ ಹಂತವಾಗಿ ನಡೆಯುತ್ತದೆ.

ನಮ್ಮ ಕ್ಲಸ್ಟರ್‌ಗೆ ಮೊದಲೇ ಗೊತ್ತುಮಾಡಿದ ಒಟ್ಟು ವ್ಯಾಪ್ತಿ 10.244.0.0/16, ಅಂದರೆ 10.244 ರಿಂದ ಆರಂಭವಾಗುವ ಎಲ್ಲ ವಿಳಾಸಗಳು; ಫ್ಲಾನೆಲ್‌ನ ರೂಢಿಯ ವ್ಯಾಪ್ತಿಯೂ ಇದೇ. ಕಂಟ್ರೋಲ್ ಪ್ಲೇನ್‌ನಲ್ಲಿರುವ ಕಂಟ್ರೋಲರ್ ಮ್ಯಾನೇಜರ್ ಇದನ್ನು, ಮೊದಲ ಮೂರು ಸಂಖ್ಯೆಗಳು ಒಂದೇ ಆಗಿರುವ /24 ತುಂಡುಗಳಾಗಿ ಸೀಳಿ, ಹೊಸ ನೋಡ್ ಸೇರಿದಾಗಲೆಲ್ಲ ಒಂದು ತುಂಡನ್ನು ಅದರ ಹೆಸರಿಗೆ ಬರೆಯುತ್ತದೆ. ಹಾಗೆ ಸೀಳಿದರೆ 256 ತುಂಡುಗಳಾಗುತ್ತವೆ, ಅಂದರೆ 256 ನೋಡ್‌ಗಳಿಗೆ ಸಾಕು. ಮೂರನೇ ನೋಡ್‌ಗೆ ಬಂದದ್ದು 10.244.3.0/24. ಕಂಟ್ರೋಲ್ ಪ್ಲೇನ್‌ನ ಹೊಣೆ ಇಲ್ಲಿಗೆ ಮುಗಿಯಿತು. ಒಂದೊಂದು ವಿಳಾಸದ ಲೆಕ್ಕವನ್ನು ಅದು ಇಡುವುದಿಲ್ಲ.

ಮುಂದಿನದೆಲ್ಲ ನೋಡ್‌ನ ಒಳಗೇ ನಡೆಯುವ ಕೆಲಸ. ಪಾಡ್ ಒಂದು ನೋಡ್‌ಗೆ ನಿಗದಿಯಾದಾಗ ಅಲ್ಲಿ ಪಾಡ್‌ಗಳನ್ನು ನೋಡಿಕೊಳ್ಳುವ ಕ್ಯೂಬ್‌ಲೆಟ್ ಕಂಟೈನರ್‌ಡಿಗೆ ಸ್ಯಾಂಡ್‌ಬಾಕ್ಸ್ ಕಟ್ಟಲು ಹೇಳುತ್ತದೆ. ಕಂಟೈನರ್‌ಡಿ ಹೊಸ ನೆಟ್‌ವರ್ಕ್ ನೇಮ್‌ಸ್ಪೇಸ್ (ಪಾಡ್‌ನದೇ ಬೇರೆ ಜಾಲದ ಆವರಣ) ತೆರೆದು, ಸಿಎನ್‌ಐ ಎಂಬ ಒಪ್ಪಂದದ ಪ್ರಕಾರ ಫ್ಲಾನೆಲ್ ಪ್ಲಗಿನ್‌ಗೆ 'ಆಡ್' ಎಂಬ ಆಜ್ಞೆ ಕಳಿಸುತ್ತದೆ. ಫ್ಲಾನೆಲ್ ಪ್ಲಗಿನ್ ಆ ಕೆಲಸವನ್ನು ಬ್ರಿಡ್ಜ್ ಪ್ಲಗಿನ್‌ಗೂ, ಬ್ರಿಡ್ಜ್ ಪ್ಲಗಿನ್ ವಿಳಾಸದ ಮಟ್ಟಿಗೆ 'ಹೋಸ್ಟ್-ಲೋಕಲ್' ಎಂಬ ಪುಟ್ಟ ಪ್ಲಗಿನ್‌ಗೂ ವಹಿಸುತ್ತವೆ. ನಮ್ಮ ನೀರುಗಂಟಿ ಈ ಹೋಸ್ಟ್-ಲೋಕಲ್. ಪಾಡ್ ಅಳಿದಾಗ ಇದೇ ಸರಪಳಿಯಲ್ಲಿ 'ಡೆಲ್' ಎಂಬ ಆಜ್ಞೆ ಬಂದು ವಿಳಾಸ ಹಿಂದಕ್ಕೆ ಸೇರುತ್ತದೆ.

/24 ತುಂಡಿನಲ್ಲಿ 256 ವಿಳಾಸಗಳಿವೆ. ಮೊದಲನೆಯದು ಜಾಲದ ಹೆಸರಿಗೆ, ಕೊನೆಯದು ಬ್ರಾಡ್‌ಕಾಸ್ಟ್‌ಗೆ, .1 ಗೇಟ್‌ವೇಗೆ ಹೋದರೆ ಪಾಡ್‌ಗಳಿಗೆ ಉಳಿಯುವುದು 253. ಕ್ಯೂಬ್‌ಲೆಟ್ ತಾನಾಗಿ ಒಪ್ಪುವ ಪಾಡ್‌ಗಳ ಮಿತಿ ನೋಡ್ ಒಂದಕ್ಕೆ 110. ವಿಳಾಸಗಳು ಮಿತಿಯ ಎರಡರಷ್ಟಕ್ಕಿಂತಲೂ ಹೆಚ್ಚಿರುವುದು ದುಂದಲ್ಲ. ಪಾಡ್ ಅಳಿದೊಡನೆ ಅದರ ವಿಳಾಸ ಬೇರೊಂದಕ್ಕೆ ಹೋಗಿಬಿಟ್ಟರೆ, ಹಳೆಯ ಪಾಡ್‌ನ ಸಂಪರ್ಕವನ್ನು ಇನ್ನೂ ನೆನಪಿಟ್ಟುಕೊಂಡಿರುವವರು ಹೊಸ ಪಾಡ್‌ನ ಬಾಗಿಲು ಬಡಿಯುತ್ತಾರೆ. ಆದುದರಿಂದಲೇ ಹೋಸ್ಟ್-ಲೋಕಲ್ ಕೊನೆಯದಾಗಿ ಕೊಟ್ಟ ವಿಳಾಸವನ್ನು ಗುರುತಿಟ್ಟುಕೊಂಡು ಮುಂದಿನದನ್ನು ಕೊಡುತ್ತಾ ಹೋಗುತ್ತದೆ; ಸುತ್ತು ಮುಗಿದ ಮೇಲಷ್ಟೇ ಹಳೆಯ ವಿಳಾಸದ ಸರದಿ ಬರುತ್ತದೆ. ಒಳ್ಳೆಯ ಈ ಏರ್ಪಾಡಿಗೆ ಒಂದು ಅನನುಕೂಲವೂ ಉಂಟು: ವಿಳಾಸಗಳು ಸೋರಿಹೋಗುತ್ತಿದ್ದರೂ, ಕೊನೆಯ ಖಾಲಿ ವಿಳಾಸ ಮುಗಿಯುವವರೆಗೆ ಹೊರಗೆ ಯಾವ ಸುಳಿವೂ ಕಾಣುವುದಿಲ್ಲ.

ಮೂರು ತಪ್ಪು ಊಹೆಗಳು

ಮುಗಿದ ಜಾಬ್‌ಗಳ ಪಾಡ್‌ಗಳು ಪಟ್ಟಿಯಲ್ಲಿ ಹಾಗೆಯೇ ಉಳಿದು ವಿಳಾಸಗಳನ್ನು ಹಿಡಿದುಕೊಂಡಿವೆ ಎಂಬುದು ಮೊದಲ ಊಹೆ. ಅವುಗಳನ್ನೆಲ್ಲ ಅಳಿಸಿದೆವು, ಏನೂ ಬದಲಾಗಲಿಲ್ಲ. ಪಾಡ್‌ನ ಕಂಟೈನರ್‌ಗಳೆಲ್ಲ ಮುಗಿದ ಮೇಲೆ ಕ್ಯೂಬ್‌ಲೆಟ್ ಅದರ ಸ್ಯಾಂಡ್‌ಬಾಕ್ಸನ್ನು ನಿಲ್ಲಿಸಿ ವಿಳಾಸವನ್ನು ಹಿಂದಿರುಗಿಸಿರುತ್ತದೆ. ಪಟ್ಟಿಯಲ್ಲಿ ಉಳಿಯುವುದು ದಾಖಲೆ ಮಾತ್ರ.

ತುಂಡೇ ಚಿಕ್ಕದಾಯಿತು, ಎರಡರಷ್ಟು ದೊಡ್ಡದಾದ /23 ಮಾಡಿಬಿಡೋಣ ಎಂಬುದು ಎರಡನೆಯದು. ನೋಡ್‌ಗೆ ಒಮ್ಮೆ ಬರೆದ ತುಂಡನ್ನು ಹಾಗೆ ತಿದ್ದಲು ಬರುವುದಿಲ್ಲ. ನೋಡ್‌ನ ದಾಖಲೆಯನ್ನೇ ಅಳಿಸಿ ಮತ್ತೆ ಸೇರಿಸಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, 38 ಪಾಡ್‌ಗಳಿಗೆ 253 ಸಾಲದ ಕಡೆ 500 ಕೊಟ್ಟರೂ ಸಾಲುವುದಿಲ್ಲ. ಹಾಗೆ ಮಾಡಿದ್ದರೆ ತೊಂದರೆಯನ್ನು ಇನ್ನೆರಡು ತಿಂಗಳು ಮುಂದಕ್ಕೆ ತಳ್ಳಿದಂತಾಗುತ್ತಿತ್ತು.

ಮೂರನೆಯದು, ಯಂತ್ರವನ್ನು ಒಮ್ಮೆ ರೀಬೂಟ್ ಮಾಡುವುದು. ಇದನ್ನು ಸೂಚಿಸಿದವನು ನಾನೇ. ರಾತ್ರಿ ಹತ್ತೂವರೆಗೆ, ಎಲ್ಲ ಜಾಬ್‌ಗಳೂ ಮುಗಿದು ನಿತ್ಯದ 32 ಪಾಡ್‌ಗಳಷ್ಟೇ ಓಡುತ್ತಿದ್ದಾಗ, ಮೂರನೇ ನೋಡನ್ನು ರೀಬೂಟ್ ಮಾಡಿದೆವು. ಅಲ್ಲಿಯವರೆಗೆ ಮೂರು ರೂಟ್‌ಗಳು ತಡವಾಗುತ್ತಿದ್ದುದಷ್ಟೇ ತೊಂದರೆಯಾಗಿತ್ತು. ರೀಬೂಟ್ ಆದ ಮೇಲೆ 32 ಪಾಡ್‌ಗಳಲ್ಲಿ ಎದ್ದು ನಿಂತವು ಆರು. 26 ಪಾಡ್‌ಗಳು ವಿಳಾಸವಿಲ್ಲದೆ ಉಳಿದವು. ಡೇಟಾಬೇಸ್‌ನ ಮುಂದೆ ನಿಲ್ಲುವ ಸೇವೆ ಆ 26ರಲ್ಲಿ ಸೇರಿತ್ತು. ನೋಡ್‌ನ ಸ್ಥಿತಿ 'ರೆಡಿ' ಎಂದೇ ತೋರಿಸುತ್ತಿತ್ತು. ಫ್ಲಾನೆಲ್‌ನ ಪಾಡೂ, ಸೇವೆಗಳತ್ತ ಸಂಪರ್ಕ ತಿರುಗಿಸುವ ಕ್ಯೂಬ್-ಪ್ರಾಕ್ಸಿಯ ಪಾಡೂ ಸರಿಯಾಗಿಯೇ ಓಡುತ್ತಿದ್ದವು, ಏಕೆಂದರೆ ಅವು ಯಂತ್ರದ ಜಾಲವನ್ನೇ ಬಳಸುವ ಪಾಡ್‌ಗಳು, ಅವಕ್ಕೆ ಬೇರೆ ವಿಳಾಸ ಬೇಡ. ಯಾವ ಪಾಡ್ ಯಾವ ನೋಡ್‌ಗೆ ಎಂದು ನಿಗದಿಪಡಿಸುವ ಶೆಡ್ಯೂಲರ್ ಆ ನೋಡ್‌ಗೆ ಹೊಸ ಪಾಡ್‌ಗಳನ್ನು ಕಳಿಸುವುದನ್ನು ನಿಲ್ಲಿಸಲಿಲ್ಲ. ಅದು ನೋಡುವುದು ಪ್ರೊಸೆಸರ್, ಮೆಮೊರಿ ಮತ್ತು 110ರ ಮಿತಿಯನ್ನು. ವಿಳಾಸಗಳು ಎಷ್ಟು ಉಳಿದಿವೆ ಎಂಬುದು ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಈ ಆರು ಎಂಬ ಸಂಖ್ಯೆಯೇ ನಮ್ಮನ್ನು ಸರಿದಾರಿಗೆ ತಂದಿತು. ಜಾಲವೇ ಕೆಟ್ಟಿದ್ದರೆ ಒಂದೂ ಏಳಬಾರದಿತ್ತು, ಸರಿಯಿದ್ದರೆ ಎಲ್ಲವೂ ಏಳಬೇಕಿತ್ತು. ಆರೇ ಎದ್ದವು ಎಂದರೆ ಎಲ್ಲೋ ಒಂದು ಕಡೆ ಆರೇ ಖಾಲಿ ಸ್ಥಾನಗಳಿದ್ದವು ಎಂದಾಯಿತು.

ವಹಿ ಇರುವ ಜಾಗ

ಹೋಸ್ಟ್-ಲೋಕಲ್ ತನ್ನ ಲೆಕ್ಕವನ್ನು ನೋಡ್‌ನ ಡಿಸ್ಕ್‌ನಲ್ಲಿ, /ವರ್/ಲಿಬ್/ಸಿಎನ್‌ಐ/ನೆಟ್‌ವರ್ಕ್ಸ್ ಎಂಬ ಡೈರೆಕ್ಟರಿಯೊಳಗೆ ಜಾಲದ ಹೆಸರಿನಲ್ಲಿ ಇಡುತ್ತದೆ. ಫ್ಲಾನೆಲ್‌ನ ರೂಢಿಯಲ್ಲಿ ಆ ಹೆಸರು ಸಿಬಿಆರ್0. ಅಲ್ಲಿ ಡೇಟಾಬೇಸ್ ಏನೂ ಇಲ್ಲ. ಕೊಟ್ಟ ಪ್ರತಿಯೊಂದು ವಿಳಾಸಕ್ಕೂ ಒಂದು ಕಡತ, ಕಡತದ ಹೆಸರೇ ಆ ವಿಳಾಸ. 10.244.3.117 ಎಂಬ ಕಡತವನ್ನು ತೆರೆದೆ. ಎರಡೇ ಸಾಲು. ಮೊದಲನೆಯದರಲ್ಲಿ 64 ಅಕ್ಷರಗಳ ಸ್ಯಾಂಡ್‌ಬಾಕ್ಸ್ ಗುರುತು, ಎರಡನೆಯದರಲ್ಲಿ ಈಥ್0 ಎಂಬ ಇಂಟರ್‌ಫೇಸ್‌ನ ಹೆಸರು. ಕಡತ ಇದ್ದರೆ ವಿಳಾಸ ಕೊಟ್ಟಾಗಿದೆ, ಇಲ್ಲದಿದ್ದರೆ ಖಾಲಿ ಇದೆ. ಪ್ಲಗಿನ್‌ಗೆ ಗೊತ್ತಿರುವುದು ಇಷ್ಟೇ. ಆ ಗುರುತಿನ ಸ್ಯಾಂಡ್‌ಬಾಕ್ಸ್ ಬದುಕಿದೆಯೋ ಇಲ್ಲವೋ ಎಂದು ಅದು ವಿಚಾರಿಸುವುದಿಲ್ಲ. 'ಡೆಲ್' ಆಜ್ಞೆ ಬರುವವರೆಗೆ ಕಡತವನ್ನು ಮುಟ್ಟುವುದೂ ಇಲ್ಲ.

ಎಣಿಸಿದಾಗ ವಿಳಾಸಗಳ ಹೆಸರಿನ ಕಡತಗಳು ಸರಿಯಾಗಿ 253 ಇದ್ದವು. ಕಂಟೈನರ್‌ಡಿಯನ್ನು ಕೇಳಿದರೆ ಜಾಲ ಹೊಂದಿದ ಸ್ಯಾಂಡ್‌ಬಾಕ್ಸ್‌ಗಳು ಆರೇ ಇವೆ ಎಂದಿತು. ಉಳಿದ 247 ಕಡತಗಳು ಎಂದೋ ಸತ್ತ ಸ್ಯಾಂಡ್‌ಬಾಕ್ಸ್‌ಗಳ ಹೆಸರಿನಲ್ಲಿದ್ದವು.

ಕಡತಗಳ ದಿನಾಂಕಗಳನ್ನು ನೋಡಿದೆವು. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಮಂಡ್ಯದಲ್ಲಿ ಸಂಜೆ ಹೊತ್ತು ಕರೆಂಟ್ ಹೋಗುವುದು ಹೊಸದಲ್ಲ. ಮೂರನೇ ನೋಡ್‌ಗೆ ತಗುಲಿಸಿದ್ದ ಯುಪಿಎಸ್‌ನ ಬ್ಯಾಟರಿ ಹಳೆಯದಾಗಿ ಕೆಲವೇ ನಿಮಿಷ ತಡೆಯುತ್ತಿತ್ತು, ಹಾಗಾಗಿ ಆ ಎರಡು ತಿಂಗಳಲ್ಲಿ ಆ ನೋಡ್ ಐದು ಸಲ ಒಮ್ಮೆಲೇ ಆರಿಹೋಗಿತ್ತು. ಈ ಐದು ಸಂಜೆಗಳನ್ನೂ ನಮ್ಮ ರೀಬೂಟ್ ಅನ್ನೂ ಗಡಿಯಾಗಿಟ್ಟು ಕಡತಗಳನ್ನು ವಿಂಗಡಿಸಿದಾಗ 41, 44, 45, 42, 43 ಮತ್ತು 32 ಎಂಬ ಆರು ಗುಂಪುಗಳಾದವು. ಮೊದಲ ಐದರ ಮೊತ್ತ 215. ಎರಡನೆಯ ಸಂಜೆ ಓಡುತ್ತಿದ್ದ 38 ಪಾಡ್‌ಗಳನ್ನು ಇದಕ್ಕೆ ಕೂಡಿಸಿದರೆ 253 ತುಂಬುತ್ತದೆ. ಜಾಬ್‌ಗಳ ಆರು ಪಾಡ್‌ಗಳು ಮುಗಿದು ಬಿಟ್ಟುಕೊಟ್ಟ ಆರು ವಿಳಾಸಗಳಲ್ಲಿ ಮೂರನ್ನು, ಕಾಯುತ್ತಿದ್ದ ಮೂರು ಪಾಡ್‌ಗಳು ತೆಗೆದುಕೊಂಡಿದ್ದವು, ರೀಬೂಟ್ ಬಳಿಕ ಎದ್ದ ಆರೂ ಆ ಆರು ವಿಳಾಸಗಳನ್ನೇ ತೆಗೆದುಕೊಂಡಿದ್ದವು. ಲೆಕ್ಕ ಒಂದಂಕಿಯೂ ಆಚೀಚೆಯಾಗದೆ ಕೂಡಿಬಂತು.

ಕರೆಂಟ್ ಹೋದದ್ದಕ್ಕೇ ವಿಳಾಸಗಳು ಸೋರಬೇಕಾಗಿರಲಿಲ್ಲ ಎಂಬುದು ಇಲ್ಲಿ ಮುಖ್ಯ. ನೋಡ್ ಒಮ್ಮೆಲೇ ಆರಿ ಮತ್ತೆ ಎದ್ದಾಗ ಕಂಟೈನರ್‌ಡಿ ತನ್ನ ಡಿಸ್ಕ್‌ನಲ್ಲಿರುವ ದಾಖಲೆಯಿಂದ ಹಳೆಯ ಸ್ಯಾಂಡ್‌ಬಾಕ್ಸ್‌ಗಳನ್ನು ನೆನಪಿಸಿಕೊಳ್ಳುತ್ತದೆ. ಅವು ಸತ್ತಿರುವುದನ್ನು ಕಂಡ ಕ್ಯೂಬ್‌ಲೆಟ್ ಮೊದಲು ಅವುಗಳನ್ನು ವಿಧಿವತ್ತಾಗಿ ನಿಲ್ಲಿಸಿ, ಅಂದರೆ 'ಡೆಲ್' ಕಳಿಸಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ಉಳಿದ ಮೂರು ನೋಡ್‌ಗಳಲ್ಲಿ ಕಡತಗಳ ಸಂಖ್ಯೆಯೂ ಸ್ಯಾಂಡ್‌ಬಾಕ್ಸ್‌ಗಳ ಸಂಖ್ಯೆಯೂ ಸಮನಾಗಿದ್ದವು. ಹಾಗಿದ್ದರೆ ಮೂರನೆಯದರಲ್ಲಿ ಮಾತ್ರ ಏನಾಗಿತ್ತು?

ಅಲ್ಲಿ ನಮ್ಮದೇ ಒಂದು ಸ್ಕ್ರಿಪ್ಟ್ ಇತ್ತು. ಹಿಂದಿನ ವರ್ಷ ಇದೇ ರೀತಿ ಕರೆಂಟ್ ಹೋದಾಗ ಆ ನೋಡ್‌ನ ಕಂಟೈನರ್‌ಡಿ ದಾಖಲೆಯ ಕಡತ ಕೆಟ್ಟು, ಕಂಟೈನರ್‌ಡಿ ಏಳದೇ ಹೋಗಿತ್ತು. ಮೈಸೂರಿನಿಂದ ಸುಮಾರು 45 ಕಿಲೋಮೀಟರ್ ರಾತ್ರಿಯಲ್ಲಿ ಹೋಗಿ ಸರಿಪಡಿಸಿದ ಮೇಲೆ, ಮತ್ತೆ ಹಾಗಾಗದಿರಲಿ ಎಂದು ನಮ್ಮವರು ಪ್ರತಿ ಬೂಟ್‌ನಲ್ಲೂ ಕಂಟೈನರ್‌ಡಿಯ ಇಡೀ ಡೈರೆಕ್ಟರಿಯನ್ನು ಅಳಿಸಿ ಹೊಸದಾಗಿ ಆರಂಭಿಸುವ ಸ್ಕ್ರಿಪ್ಟ್ ಬರೆದಿಟ್ಟಿದ್ದರು. ಕಂಟೈನರ್ ಇಮೇಜ್‌ಗಳು (ಪ್ರೋಗ್ರಾಂಗಳ ಮೂಲ ಪ್ರತಿಗಳು) ರಿಜಿಸ್ಟ್ರಿ ಎಂಬ ಸ್ಥಳೀಯ ಸಂಗ್ರಹದಿಂದ ಮತ್ತೆ ಬರುತ್ತಿದ್ದುದರಿಂದ ಮೇಲ್ನೋಟಕ್ಕೆ ಯಾವ ತೊಂದರೆಯೂ ಕಾಣಲಿಲ್ಲ. ಆದರೆ ಡೈರೆಕ್ಟರಿಯೊಂದಿಗೆ ಹಳೆಯ ಸ್ಯಾಂಡ್‌ಬಾಕ್ಸ್‌ಗಳ ನೆನಪೂ ಅಳಿಸಿಹೋಗುತ್ತಿತ್ತು. ನೆನಪೇ ಇಲ್ಲದವುಗಳಿಗೆ 'ಡೆಲ್' ಕಳಿಸುವವರು ಯಾರು? ವಿಳಾಸಗಳ ವಹಿ ಮಾತ್ರ ಬೇರೆ ಡೈರೆಕ್ಟರಿಯಲ್ಲಿದ್ದುದರಿಂದ ಉಳಿದುಕೊಳ್ಳುತ್ತಿತ್ತು. ಒಂದೇ ಸಂಗತಿಯ ಎರಡು ದಾಖಲೆಗಳಲ್ಲಿ ಒಂದನ್ನು ಅಳಿಸಿ ಇನ್ನೊಂದನ್ನು ಬಿಟ್ಟಿದ್ದೆವು. ಸ್ಕ್ರಿಪ್ಟ್ ಬರೆದವರ ಉದ್ದೇಶದಲ್ಲಿ ದೋಷವಿರಲಿಲ್ಲ. ಅದನ್ನು ಪರಿಶೀಲಿಸಿ ಒಪ್ಪಿದವರಲ್ಲಿ ನಾನೂ ಒಬ್ಬ, ಈ ಎರಡನೆಯ ದಾಖಲೆಯ ವಿಷಯ ಆಗ ನನಗೂ ಹೊಳೆಯಲಿಲ್ಲ.

ಸ್ವಚ್ಛಗೊಳಿಸಿದ ಬಗೆ

ಡೈರೆಕ್ಟರಿಯನ್ನು ಪೂರ್ತಿ ಖಾಲಿ ಮಾಡಿಬಿಡುವ ಸಲಹೆ ಸಹಜವಾಗಿಯೇ ಬಂತು. ಅದು ಅಪಾಯಕಾರಿ. ಬದುಕಿರುವ ಪಾಡ್‌ನ ಕಡತವನ್ನು ಅಳಿಸಿದರೆ ಆ ವಿಳಾಸ ಪ್ಲಗಿನ್‌ನ ಲೆಕ್ಕದಲ್ಲಿ ಖಾಲಿಯಾಗುತ್ತದೆ, ಸುತ್ತು ಬಂದಾಗ ಇನ್ನೊಂದು ಪಾಡ್‌ಗೂ ಅದೇ ವಿಳಾಸ ಸಿಗುತ್ತದೆ. ಒಂದೇ ವಿಳಾಸದಲ್ಲಿ ಇಬ್ಬರು ಇದ್ದರೆ ಸಂಪರ್ಕ ಒಮ್ಮೆ ಸಿಕ್ಕು ಒಮ್ಮೆ ತಪ್ಪುತ್ತದೆ. ಅದು ಅಳಿಸಿದ ಕೂಡಲೇ ಅಲ್ಲ, ಎಷ್ಟೋ ದಿನದ ಮೇಲೆ ಕಾಣಿಸಿಕೊಳ್ಳುವುದರಿಂದ ಕಾರಣ ಹುಡುಕುವುದು ಬಹಳ ಕಷ್ಟ.

ಆದ್ದರಿಂದ ಮೊದಲು ನೋಡ್‌ಗೆ ಹೊಸ ಪಾಡ್‌ಗಳು ಬರದಂತೆ ಕಾರ್ಡನ್ ಮಾಡಿ, ಕ್ಯೂಬ್‌ಲೆಟ್ ನಿಲ್ಲಿಸಿದೆವು. ಕ್ಯೂಬ್‌ಲೆಟ್ ನಿಂತರೂ ಓಡುತ್ತಿರುವ ಕಂಟೈನರ್‌ಗಳು ನಿಲ್ಲುವುದಿಲ್ಲ. ಬಳಿಕ ಕ್ರೈಸಿಟಿಎಲ್ ಎಂಬ ಸಾಧನದಿಂದ ಸ್ಯಾಂಡ್‌ಬಾಕ್ಸ್‌ಗಳ ಪೂರ್ಣ ಗುರುತುಗಳನ್ನು ಪಡೆದು, ಪ್ರತಿ ಕಡತದ ಮೊದಲ ಸಾಲನ್ನು ಆ ಪಟ್ಟಿಯೊಂದಿಗೆ ಹೋಲಿಸಿ, ಪಟ್ಟಿಯಲ್ಲಿಲ್ಲದವುಗಳನ್ನು ಅಳಿಸುವ ಬದಲು ಬೇರೊಂದು ಡೈರೆಕ್ಟರಿಗೆ ಸರಿಸಿದೆವು. ಗುರುತಿನ ಸಂಕ್ಷಿಪ್ತ ರೂಪವನ್ನು ಹೋಲಿಸಿದ್ದರೆ ಯಾವುದೂ ಹೊಂದಿಕೆಯಾಗದೆ ಬದುಕಿದ್ದ ಆರೂ ಹೋಗುತ್ತಿದ್ದವು. ನಮ್ಮ ಸಹೋದ್ಯೋಗಿಯೊಬ್ಬರು ಇದನ್ನು ಸಕಾಲದಲ್ಲಿ ಗಮನಿಸಿದರು. 247 ಕಡತಗಳು ಸರಿದ ಮೇಲೆ ಕ್ಯೂಬ್‌ಲೆಟ್ ಆರಂಭಿಸಿದಾಗ, ಕಾಯುತ್ತಿದ್ದ 26 ಪಾಡ್‌ಗಳು ಒಂದೆರಡು ನಿಮಿಷಗಳಲ್ಲಿ ಎದ್ದವು. ಆಗ ರಾತ್ರಿ ಎರಡು ಗಂಟೆಯಾಗಿತ್ತು. ಬೆಳಗಿನ ಹಾಲು ಕೇಂದ್ರಗಳಿಗೆ ಬರುವ ಮುನ್ನ ವ್ಯವಸ್ಥೆ ಮತ್ತೆ ಸಿದ್ಧವಾಗಿತ್ತು.

ಸ್ಕ್ರಿಪ್ಟನ್ನು ಮಾರನೆಯ ದಿನವೇ ತೆಗೆದೆವು, ಯುಪಿಎಸ್‌ನ ಬ್ಯಾಟರಿ ಬದಲಾಯಿತು. ಆದರೆ ಕಂಟೈನರ್‌ಡಿಯ ದಾಖಲೆ ಬೇರೆ ಕಾರಣಕ್ಕೂ ಕೆಡಬಹುದು. ಆದುದರಿಂದ ವಹಿಯನ್ನೇ ಸರಿಯಾದ ಜಾಗಕ್ಕೆ ಸರಿಸಬೇಕೆಂದು ನಿರ್ಧರಿಸಿದೆವು. ಹೋಸ್ಟ್-ಲೋಕಲ್‌ಗೆ ಡೇಟಾಡಿರ್ ಎಂಬ ಆಯ್ಕೆ ಇದೆ. ಅದನ್ನು /ರನ್ ಅಡಿಯ ಡೈರೆಕ್ಟರಿಗೆ ತಿರುಗಿಸಿದರೆ ಕಡತಗಳು ಡಿಸ್ಕ್‌ನ ಬದಲು ಮೆಮೊರಿಯಲ್ಲಿರುತ್ತವೆ. ಯಂತ್ರ ಆರಿದಾಗ ಪಾಡ್‌ಗಳ ಜೊತೆಗೆ ಅವುಗಳ ವಿಳಾಸದ ಲೆಕ್ಕವೂ ಅಳಿಯುತ್ತದೆ. ಯಾವ ಸ್ಯಾಂಡ್‌ಬಾಕ್ಸೂ ರೀಬೂಟ್ ದಾಟಿ ಬದುಕುವುದಿಲ್ಲವಾದ್ದರಿಂದ ಇದರಲ್ಲಿ ನಷ್ಟವಿಲ್ಲ. ಹಳೆಯ ಸ್ಯಾಂಡ್‌ಬಾಕ್ಸ್‌ಗೆ ತಡವಾಗಿ 'ಡೆಲ್' ಬಂದರೂ, ಪ್ಲಗಿನ್ ವಿಳಾಸ ನೋಡದೆ ಗುರುತು ನೋಡಿ ಬಿಡುಗಡೆ ಮಾಡುವುದರಿಂದ ಹೊಸ ಪಾಡ್‌ನ ಕಡತಕ್ಕೆ ಧಕ್ಕೆಯಾಗುವುದಿಲ್ಲ.

ಈ ಬದಲಾವಣೆಯನ್ನು ಓಡುತ್ತಿರುವ ನೋಡ್‌ನ ಮೇಲೆ ಮಾಡಬಾರದು ಎಂಬುದನ್ನು ಒತ್ತಿ ಹೇಳಬೇಕು. ಹೊಸ ಡೈರೆಕ್ಟರಿ ಖಾಲಿಯಾಗಿರುತ್ತದೆ. ಹಳೆಯ ಪಾಡ್‌ಗಳು ಇನ್ನೂ ಇರುವಾಗಲೇ ಪ್ಲಗಿನ್ ಮೊದಲಿನಿಂದ ವಿಳಾಸ ಹಂಚತೊಡಗಿದರೆ, ಮೇಲೆ ಹೇಳಿದ ಇಬ್ಬರಿಗೆ ಒಂದೇ ವಿಳಾಸದ ಸ್ಥಿತಿ ಬರುತ್ತದೆ. ನಾವು ಒಂದೊಂದೇ ನೋಡನ್ನು ಡ್ರೈನ್ ಮಾಡಿ (ಅಂದರೆ ಅದರ ಪಾಡ್‌ಗಳನ್ನು ಬೇರೆ ನೋಡ್‌ಗಳಿಗೆ ಕಳಿಸಿ), ಅಲ್ಲಿನ ಫ್ಲಾನೆಲ್ ಪಾಡನ್ನು ಅಳಿಸಿ, ಹೊಸ ಪಾಡ್ ಹೊಸ ಸಂರಚನೆಯನ್ನು ಬರೆದದ್ದನ್ನು ಖಚಿತಪಡಿಸಿಕೊಂಡು, ಆಮೇಲೆ ರೀಬೂಟ್ ಮಾಡಿ, ಕಾರ್ಡನ್ ತೆಗೆದೆವು. ನಾಲ್ಕು ನೋಡ್‌ಗಳಿಗೆ ನಾಲ್ಕು ಮಧ್ಯಾಹ್ನಗಳು ಹಿಡಿದವು. ಬೆಳಗಿನ ಹಾಲಿನ ಲೆಕ್ಕ ಮುಗಿದು ಸಂಜೆಯದು ಆರಂಭವಾಗುವ ನಡುವಿನ ಹೊತ್ತನ್ನೇ ಆರಿಸಿಕೊಂಡೆವು.

ಬೇರೆ ಜಾಲಗಳಲ್ಲಿ ಈ ವಹಿ ಬೇರೆ ಕಡೆ ಇರುತ್ತದೆ. ಕ್ಯಾಲಿಕೊ ಎಂಬ ಜಾಲ ತನ್ನ ಐಪ್ಯಾಮ್ (ವಿಳಾಸ ಹಂಚುವ ಏರ್ಪಾಡು) ಬಳಸುವಾಗ ವಿಳಾಸಗಳನ್ನು ರೂಢಿಯಂತೆ 64ರ ಬ್ಲಾಕ್‌ಗಳಾಗಿ ನೋಡ್‌ಗಳಿಗೆ ಹಂಚಿ, ಲೆಕ್ಕವನ್ನು ಕ್ಲಸ್ಟರ್‌ನ ಕೇಂದ್ರ ದಾಖಲೆಯಲ್ಲಿ ಇಡುತ್ತದೆ, ಸೋರಿದವುಗಳನ್ನು ಹುಡುಕಿ ಹಿಂದಕ್ಕೆ ಪಡೆಯುವ ನಿಯಂತ್ರಕವೂ ಅದಕ್ಕಿದೆ. ಅಮೆಜಾನ್ ಕ್ಲೌಡ್‌ನ ಜಾಲ ಪ್ಲಗಿನ್ ಆದ ವಿಪಿಸಿ ಸಿಎನ್‌ಐ, ಯಂತ್ರದ ನೆಟ್‌ವರ್ಕ್ ಕಾರ್ಡ್‌ಗೆ ಸಿಗುವ ವಿಳಾಸಗಳನ್ನೇ ಪಾಡ್‌ಗಳಿಗೆ ಕೊಡುವುದರಿಂದ, ರೂಢಿಯ ಸಂರಚನೆಯಲ್ಲಿ ಎಂ5.ಲಾರ್ಜ್ ಬಗೆಯ ಯಂತ್ರದಲ್ಲಿ 29 ಪಾಡ್‌ಗಳಿಗಷ್ಟೇ ಜಾಗ. 'ವಿಳಾಸ ಉಳಿದಿಲ್ಲ' ಎಂಬ ಸಂದೇಶ ಎಲ್ಲ ಕಡೆಯೂ ಬರಬಹುದು, ಹುಡುಕಬೇಕಾದ ಜಾಗ ಮಾತ್ರ ಒಂದೊಂದರಲ್ಲಿ ಒಂದೊಂದು. ನಮ್ಮ ಗಾತ್ರದ ಕ್ಲಸ್ಟರ್‌ಗೆ ಫ್ಲಾನೆಲ್ ಸಾಕು ಎಂಬ ನನ್ನ ಅಭಿಪ್ರಾಯ ಈ ಪ್ರಕರಣದಿಂದ ಬದಲಾಗಿಲ್ಲ. ಎರಡು ಸಾಲಿನ ಕಡತವನ್ನು ಯಾರು ಬೇಕಾದರೂ ತೆರೆದು ಓದಬಹುದು, ರಾತ್ರಿ ಎರಡು ಗಂಟೆಗೆ ಆ ಸರಳತೆಯ ಬೆಲೆ ದೊಡ್ಡದು.

ಈಗ ಪ್ರತಿ ನೋಡ್‌ನಲ್ಲೂ ಗಂಟೆಗೊಮ್ಮೆ ಕಡತಗಳನ್ನೂ ಸ್ಯಾಂಡ್‌ಬಾಕ್ಸ್‌ಗಳನ್ನೂ ಎಣಿಸಿ, ವ್ಯತ್ಯಾಸ ಹತ್ತನ್ನು ಮೀರಿದರೆ ನಮಗೆ ಸಂದೇಶ ಕಳಿಸುವ ಸಣ್ಣ ಪರಿಶೀಲನೆ ಓಡುತ್ತಿದೆ. ಜಾಬ್‌ಗಳು ಹುಟ್ಟಿ ಮುಗಿಯುವ ಸಮಯದಲ್ಲಿ ಒಂದೆರಡರ ವ್ಯತ್ಯಾಸ ಸಹಜ. ಜೂನ್ ಮೊದಲ ವಾರದ ಒಂದು ಸಂಜೆ ಮಳೆಗೆ ಮತ್ತೆ ಕರೆಂಟ್ ಹೋಗಿ, ಹೊಸ ಬ್ಯಾಟರಿಯೂ ಮುಗಿದು, ಸಂಜೆಯ ಜಾಬ್‌ಗಳ ನಡುವೆಯೇ ಮೂರನೇ ನೋಡ್ ಆರಿತು. ಅದು ಎದ್ದು ಜಾಬ್‌ಗಳು ಮತ್ತೆ ಆರಂಭವಾದ ಮೇಲಿನ ಮೊದಲ ಎಣಿಕೆಯಲ್ಲಿ ಕಡತಗಳು 41, ಸ್ಯಾಂಡ್‌ಬಾಕ್ಸ್‌ಗಳು 41.